ಖಾತೆಗೆ ಏರದ ಸಾಲು

ಹುಣಸೆಬೀಜದ ಹಿಟ್ಟು ಕುದಿಯುವಾಗ ಏಳುವ ಒಗರು ವಾಸನೆ ಎಲ್ಲಿಂದಾದರೂ ಬಂದರೆ ಸಾಕು, ಮಧುಗಿರಿ ಬೆಟ್ಟದ ಬುಡದಲ್ಲಿದ್ದ ನಮ್ಮ ಕಂಬಳಿ ಅಂಗಡಿ ಕಣ್ಣೆದುರು ನಿಲ್ಲುತ್ತದೆ. ಆ ಗಂಜಿಗೆ ಇದ್ದಿಲಪುಡಿ ಕಲಸಿ ತಾತ ಬಟ್ಟೆಗೆ ಬಳಿಯುತ್ತಿದ್ದರು. ಒಣಗಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿದರೆ ಅದೇ ಕಡತ. ದಿನದ ವ್ಯಾಪಾರವನ್ನೆಲ್ಲ ನಡೆದ ಹಾಗೆ ಬಳಪದಲ್ಲಿ ಅದರ ಮೇಲೆ ಬರೆಯಬೇಕು. ತಿಂಗಳಾದ ಮೇಲೆ ಒಂದೊಂದು ಸಾಲನ್ನೂ ಕಾಗದದ ಖಾತೆ ಪುಸ್ತಕದಲ್ಲಿ ಅವರವರ ಹೆಸರಿನ ಪುಟಕ್ಕೆ ಏರಿಸಬೇಕು. ಜಮಾ ಎಡಕ್ಕೆ, ಖರ್ಚು ಬಲಕ್ಕೆ. ಏರಿಸಿದ ಸಾಲಿಗೆ ಒಂದು ಗೀಟು. ಎಲ್ಲಕ್ಕೂ ಗೀಟು ಬಿದ್ದಿತೆಂದರೆ ಕಡತವನ್ನು ಒರೆಸಿ ತಾತ ಮತ್ತೆ ಕಪ್ಪು ಬಳಿಯುತ್ತಿದ್ದರು. ಆ ಅಂಗಡಿಯೂ ಆ ಜನರೂ ಈಗಿಲ್ಲ.

ನನಗೆ ಲೆಕ್ಕ ಕಲಿಸಬೇಕೆಂದು ಹಟ ಹಿಡಿದವಳು ಅತ್ತೆ, ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಹೆಣ್ಣುಹುಡುಗಿಗೆ ಖಾತೆ ಯಾಕೆಂದು ದೊಡ್ಡಪ್ಪ ಗೊಣಗಿದರೆ, "ನಂಗಂತೂ ಅಕ್ಷರ ಬರಾಕಿಲ್ಲ, ಅವ್ಳಿಗಾದ್ರೂ ಬರ್ಲಿ ಬುಡಣ್ಣ" ಎನ್ನುತ್ತಿದ್ದಳು. ನಾನು ಬರೆಯುವಾಗ ಪಕ್ಕದಲ್ಲಿ ಕೂತು ಉಣ್ಣೆಯಲ್ಲಿನ ಮುಳ್ಳು ಬಿಡಿಸುತ್ತ, ಬರೆದದ್ದನ್ನು ಆಗಾಗ ಓದಿಸಿ ಕೇಳುತ್ತಿದ್ದಳು. ತಾತ ನನ್ನ ಅಂಕಿಗಳನ್ನು ನೋಡಿ, "ನಿನ್ನ ಎಂಟರ ಅಂಕಿ ಮೇವಿಲ್ಲದ ಕುರಿ ಇದ್ದಂಗೈತೆ ಕಣೆ" ಎಂದು ನಗುತ್ತಿದ್ದರು.

ಉಣ್ಣೆ ಅಗ್ಗವಾದ ಒಂದು ವರ್ಷ, ಹೆಚ್ಚು ಕೊಂಡಿಡಲೆಂದು ಅತ್ತೆ ತನ್ನ ಕೊರಳಿನ ಚಿನ್ನದ ಸರ ಮಾರಿಸಿ ನೂರಿಪ್ಪತ್ತು ರೂಪಾಯಿಯನ್ನು ಅಂಗಡಿಗೆ ಹಾಕಿದಳು. ತಾತ ಅವಳ ಹೆಸರಿಗೆ ಕಡತದಲ್ಲಿ ಜಮಾ ಬರೆದರು. ಆಗಲೇ ಅವರಿಗೆ ಕಣ್ಣು ಮಂಜಾಗಿದ್ದರಿಂದ ಆ ತಿಂಗಳು ಖಾತೆಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಹನ್ನೊಂದು ವರ್ಷ. ಖಾತೆಯಲ್ಲಿ ಪುಟ ಇದ್ದವರೆಲ್ಲ ದೊಡ್ಡೇರಿ ಕಡೆಯ ಕುರುಬರು, ಕಂಬಳಿ ಕೊಳ್ಳುವವರು, ಒಟ್ಟಿನಲ್ಲಿ ಹೊರಗಿನವರು. ನನಗೆ ತಲೆ ಬಾಚುವ, ನನ್ನ ತಟ್ಟೆಗೆ ಮುದ್ದೆ ಹಾಕುವ ಅತ್ತೆಗೆ ಪುಟ ಯಾಕೆ? ಮನೆಯವಳಲ್ಲವೇ? ಹಾಗೆಂದುಕೊಂಡು ಯಾರನ್ನೂ ಕೇಳದೆ, ಖಾತೆಗೆ ಏರಿಸದೆ ಆ ಸಾಲಿಗೆ ಬರಿದೇ ಗೀಟು ಎಳೆದುಬಿಟ್ಟೆ. ಆ ವಾರವೇ ತಾತ ಕಡತ ಒರೆಸಿದರು.

ಮರುವರ್ಷ ತಾತ ತೀರಿಕೊಂಡರು. ಅಣ್ಣತಮ್ಮಂದಿರ ಪಾಲಿನ ದಿನ ದೊಡ್ಡಪ್ಪ ಜಗಲಿಯಲ್ಲಿ ಕೂತು ಖಾತೆಯ ಹೆಸರುಗಳನ್ನು ಒಂದೊಂದಾಗಿ ಓದಿದರು. ಕೊನೆಯ ಪುಟದವರೆಗೂ ಕಾದಿದ್ದ ಅತ್ತೆ, ತನ್ನದನ್ನು ಯಾಕೆ ಓದಲಿಲ್ಲವೆಂದು ಮೆಲ್ಲಗೆ ಕೇಳಿದಳು. ದೊಡ್ಡಪ್ಪ ಮತ್ತೊಮ್ಮೆ ಮೊದಲಿಂದ ಹುಡುಕಿದರು.

"ಅಪ್ಪ ಒಂದು ಕಾಸೂ ಬರೀದೆ ಬುಟ್ಟೋರಲ್ಲ. ಖಾತೆಗೆ ಏರ್ಸೋ ಮುಂಚೇನೇ ನೀನು ವಾಪಸ್ ಈಸ್ಕೊಂಡು ಮರ್ತಿದೀಯ ಕಣಮ್ಮ."

ಅತ್ತೆ ನನ್ನ ಕಡೆ ತಿರುಗಿದಳು. "ನೀನೇ ಅಲ್ವೇನೆ ಏರ್ಸಿದ್ದು? ಹೇಳೇ."

ಮಾಡಿದ್ದು ಏನೆಂದು ನನಗೆ ಹೊಳೆದದ್ದೇ ಆಗ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗೊತ್ತಿಲ್ಲವೆಂದು ತಲೆಯಾಡಿಸಿ ಅಳತೊಡಗಿದೆ.

"ಓಗ್ಲಿ ಬುಡಣ್ಣ," ಎಂದಳು ಅತ್ತೆ. "ಮಗೀನ ಅಳಿಸ್ಬ್ಯಾಡ."

ಕೈಯಲ್ಲಿ ಕಾಸಿಲ್ಲದೆ ಇಬ್ಬರು ಅಣ್ಣಂದಿರ ಮನೆಗಳ ನಡುವೆ ಇರಲಾರದೆ ಅವಳು ಮಿಡಿಗೇಶಿಯ ನೆಂಟರ ಮನೆಯ ಅಡಿಗೆಗೆ ಸೇರಿದಳು. ಹೋಗಿ ಹೇಳಬೇಕು, ಈ ಸಲ ಹೇಳಬೇಕು ಎನ್ನುತ್ತಲೇ ನಾಲ್ಕು ವರ್ಷ ಕಳೆದೆ. ಹೋದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ, ಲೆಕ್ಕ ಬರೆಯುವುದನ್ನು ಬಿಟ್ಟಿಲ್ಲ ತಾನೇ ಎಂದು. ಐದನೆಯ ವರ್ಷ ಜ್ವರದಲ್ಲಿ ತೀರಿಹೋದಳು.

ಮಣ್ಣು ಮಾಡಿ ಬಂದ ಮಾರನೆಯ ದಿನ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಎಷ್ಟು ಎಂದಷ್ಟೇ ಕೇಳಿದರು. ಎದ್ದು ಪೆಟ್ಟಿಗೆ ತೆಗೆದು ಚಾಪೆಯ ಮೇಲೆ ನೂರಿಪ್ಪತ್ತು ರೂಪಾಯಿ ಎಣಿಸಿಟ್ಟು ಅದರ ಮೇಲೆ ಕೈಯಿಟ್ಟು ಕೂತರು.

"ಇದ್ನ ಈಗ ಯಾರ್ ಕೈಗೆ ಕೊಡ್ಲಿ ಕಣಮ್ಮ?"

ಬಾಗಿಲಿಗೆ ಯಾರೋ ಬಂದು ಕಂಬಳಿಯ ಬೆಲೆ ಕೇಳಿದರು. ಇಬ್ಬರೂ ಏಳಲಿಲ್ಲ.