ನಮ್ಮತ್ತಿ ಗಂಗವ್ವನ್ನ ಕಳಿಸಿಕೊಟ್ಟಿದ್ದು

ಕೋಥರೂಡದಾಗ ನಮ್ಮ ಮನಿಗೆ ಮೂರು ಮಳಿಗಾಲ ನೀರು ನುಗ್ಗಿತು. ಯಾರು ಕಾರಣ ಅಂತ ಕೇಳಿದ್ರ ನಮ್ಮತ್ತಿ ನಾಗವ್ವ ಎದಿ ಮುಟ್ಟಿಕೊಂಡು "ನಾನ ನೋಡ್ರಿ" ಅಂತಿದ್ದಳು. ನಾ ಸೊಸಿಯಾಗಿ ಬಂದು ಹದಿನೇಳು ವರ್ಷ ಆತು. ಆಕಿ ತಪ್ಪು ಒಪ್ಪಿಕೊಂಡಿದ್ದು ಇದೊಂದ, ಅದೂ ಆಕಿ ಮಾಡದಿದ್ದ ತಪ್ಪು!

ಆಗಿದ್ದು ಇಷ್ಟ. ಮನಿ ಶಾಂತಿ ದಿನ ಗಂಗೀ ಪೂಜಾ ಆಗಬೇಕಲ್ಲ, ನೆಲಮಜಲಿನ ಫ್ಲ್ಯಾಟಿನಾಗ ಬಾವಿ ಎಲ್ಲಿಂದ ತರೂದ್ರಿ? "ನಳದ ನೀರು ಸಾಕಲ್ರಿ ಅತ್ತಿ" ಅಂದೆ. "ನಳಕ್ಕ ಕುಂಕುಮ ಹಚ್ಚಲೇನು?" ಅಂತ ಬೈದು, ಕೊಡ ಹೊತ್ತು ಹಿಂದಿನ ಹಳ್ಳಕ್ಕ ನಡದಳು. ಪೂಜಾ ಮಾಡಿ ಸುಮ್ಮನ ಬರಬೇಕೋ ಬ್ಯಾಡೋ? "ಗಂಗವ್ವಾ, ವರ್ಷಕ್ಕೊಮ್ಮೆರ ನಮ್ಮನಿಗೆ ಬಂದು ಹೋಗವಾ" ಅಂತ ಬಾಯಿ ಬಿಟ್ಟು ಕರದಳು.

ಹನ್ನೊಂದು ವರ್ಷ ಗಂಗವ್ವ ಈ ಕಡೆ ಹಣಿಕಿ ಹಾಕಲಿಲ್ಲ. ಆಮ್ಯಾಲೆ ಹಿಡದುಬಿಟ್ಟಳು. ಮೊದಲ ವರ್ಷ ಹೊಸ್ತಿಲ, ಮರುವರ್ಷ ಸೋಫಾ, ಮೂರನೇ ವರ್ಷ ಫ್ರಿಜ್ಜಿನೊಳಗ ಹೊಕ್ಕು ಕೂತಳು. ಸೊಸೈಟಿ ಚೇರಮನ್ ಕೃಷ್ಣಾಜಿಗೆ ಭಾಳ ಖುಷಿ. ಯಾರು ದೂರು ತಂದ್ರೂ "ಅಜ್ಜಿ ಕರದಾರ, ನಾವೇನು ಮಾಡೂಣು" ಅಂತ ಕೈ ಝಾಡಿಸಿಬಿಡ್ತಿದ್ದ.

ನಮ್ಮನಿಯವರು ಶಿವಪ್ರಕಾಶ ಮಾತ್ರ ನಗಲಿಲ್ಲ. "ಈ ಸಲ ನೀರು ಒಳಗ ಬಂತಂದ್ರ ಮನಿ ಮಾರೂದು. ರಾಂಜಣಗಾಂವದಾಗ ನನ್ನ ಫ್ಯಾಕ್ಟರಿ ಹತ್ರ ಹೋಗಿ ಇರೂದು" ಅಂದ್ರು. ಅತ್ತಿ ತಾಟು ಸರಿಸಿ ಎದ್ದಳು. ಆಕಿ ಕೈಯಾಗಿನ ಬಂಗಾರದ ಪಾಟಲಿ ಮಾರಿ ತಗೊಂಡ ಮನಿ ಅದು.

ಮರುದಿನ ಮುಂಜಾನೆ ಆಕಿಗೆ ಹೊಳೀತು. "ಶೀತಲಾ, ಕರದೆ ಖರೆ, ಉಡಿ ತುಂಬಿ ಕಳಿಸಲೇ ಇಲ್ಲಲ್ಲ! ಬಂದ ಹೆಣ್ಮಗಳು ಹೆಂಗ ಹೋಗಬೇಕು?"

ಖಣ, ಅಕ್ಕಿ, ಉತ್ತತ್ತಿ, ತೆಂಗಿನಕಾಯಿ ಎಲ್ಲಾ ನನ್ನ ತಲಿ ಮ್ಯಾಲೆ. ಹಳ್ಳಕ್ಕ ಉಡಿ ತುಂಬಿ, ಕಾಯಿ ತೇಲಿಬಿಟ್ಟಳು. ಹೋಗಾಕಿನ್ನ ನಾಕು ಹೆಜ್ಜಿ ಕಳಿಸಿಕೊಡೂದು ಪದ್ಧತಿ ನೋಡ್ರಿ, ಕಾಯಿ ಹಿಂದ ನಾವಿಬ್ಬರೂ ದಂಡಿಗುಂಟ ಹೊಂಟ್ವಿ. ಇನ್ನೂರು ಹೆಜ್ಜಿಗೆ ಕಾಯಿ ನಿಂತುಬಿಡ್ತು. ಮುಂದ ಹೊಸಾ ಟಾವರ್ ಬಿಲ್ಡಿಂಗಿನ ಕಂಪೌಂಡ್ ಗ್ವಾಡಿ! ಮೂವತ್ತು ಫೂಟಿನ ಹಳ್ಳ ಎರಡು ಸಣ್ಣ ಪೈಪಿನಾಗ ತುರುಕಿದ್ರು. ಕಾಯಿ ಒಂದರ ಬಾಯಾಗ ಸಿಕ್ಕೊಂಡಿತ್ತು.

ಅತ್ತಿ ನಡದ ಮ್ಯಾಲೆ ಕೈ ಇಟ್ಟು ನಿಂತಳು. "ನಾ ಕರದಿದ್ದು ತಪ್ಪಲ್ಲ ಬಿಡು. ಈ ಹಾಳಾದವರು ಬಾಗಲಾ ಹಾಕ್ಯಾರ!"

ಅದ ಕಾಯಿ ತಗೊಂಡು ವಾರ್ಡ್ ಆಫೀಸಿಗೆ ಹೋಗಿ ಇಂಜಿನಿಯರ್ ಟೇಬಲ್ ಮ್ಯಾಲೆ ಇಟ್ಟಳು. "ಪಾಹುಣೀ ಜಾಣಾರ ಕುಠೂನ?" ಬಂದಾಕಿ ಯಾವ ದಾರೀಲೆ ಹೋಗಬೇಕು ಅಂತ ಆಕಿ ಮರಾಠಿಯಾಗ ಕೇಳಿದ್ದು. ಅವರಿಗೆ ತಲಿಬುಡ ತಿಳೀಲಿಲ್ಲ. ಎಂಟು ಸಲ ಹೋದಳು, ಎಂಟೂ ಸಲ ಅದ ಕಾಯಿ. ಅದು ಕೊಳತು ಆಫೀಸೆಲ್ಲಾ ನಾರಾಕ ಹತ್ತಿದ ಮ್ಯಾಲೆ ಸಾಹೇಬ್ರು ಹಳೇ ನಕಾಶಿ ಹಿಡಕೊಂಡು ಬಂದ್ರು. ಅಳದ್ರು, ತಲಿ ಕೆರಕೊಂಡ್ರು. "ಮ್ಯಾಲೆ ಗುಡ್ಡದ ತುಂಬ ಸಿಮೆಂಟ್, ಮಳಿ ಇಂಗೂದಿಲ್ಲ. ಕೆಳಗ ನೋಡಿದ್ರ ದಾರಿ ಇಲ್ಲ. ಇನ್ನ ನಿಮ್ಮನಿಗೆ ಬರದ ಎಲ್ಲಿಗೆ ಹೋಗಬೇಕು?" ಅಂದ್ರು. ಇದನ್ನ ಹೇಳಾಕ ಇವರಿಗೆ ಒಂದು ಕೊಳತ ಕಾಯಿ ಬೇಕಾತು! ಇಪ್ಪತ್ತು ದಿನಕ್ಕ ಗ್ವಾಡಿ ಒಡದ್ರು.

ಜುಲೈದಾಗ ಧೋ ಅಂತ ಮಳಿ ಹಿಡೀತು. ನಮ್ಮನಿಯವರು ಸೂಟಕೇಸ್ ಕಟ್ಟಿ ನಿಂತಿದ್ರು. ಅತ್ತಿ ಕುಂಕುಮದ ಬಟ್ಟಲಾ ಹಿಡದು ಹೊಸ್ತಿಲದಾಗ ಕೂತಳು. ನೀರು ಒಂದು ಮೆಟ್ಟಲಾ ಏರಿತು, ಎರಡು ಏರಿತು. ಮೂರನೇದಕ್ಕ ಬಂದು ನಿಂತು, ಸಾವಕಾಶ ಇಳಕೊಂತ ಹೋತು. ಇವರು ಸೂಟಕೇಸ್ ಅಟ್ಟದ ಮ್ಯಾಲಿಟ್ರು.

"ಮನಿ ಉಳೀತ್ರಿ ಅತ್ತಿ!" ಅಂದೆ. ನೋಡಿದ್ರ ಆಕಿ ಕಣ್ಣೀರು ಹಾಕಾಕತ್ತಿದ್ದಳು. "ಬಾಗಲಾ ಮಟಾ ಬಂದಾಕಿ, ಕುಂಕುಮಾನೂ ಹಚ್ಚಿಸಿಕೊಳ್ಳದ ಹೋದಳಲ್ಲ" ಅಂತ. ಎದ್ದು ನಿಂತು ಹಳ್ಳದ ಕಡೆ ಮಾರಿ ಮಾಡಿ, "ಗಂಗವ್ವಾ, ಮುಂದಿನ ವರ್ಷ..." ಅನ್ನೂದ್ರಾಗ ನಾ ಓಡಿ ಹೋಗಿ ಆಕಿ ಬಾಯಿ ಮುಚ್ಚಿದೆ.