ಯೋಚಿಸಲು ಕೂತರೆ ನಿಲ್ಲುವ ಲ್ಯಾಪ್‌ಟಾಪ್

ಮಾಮಿ ನನ್ನ ಲ್ಯಾಪ್‌ಟಾಪನ್ನು ಕುಚ್ಚಲಕ್ಕಿಯ ಡ್ರಮ್ಮಿನಲ್ಲಿ ಹೂತಿಡಲು ಹೊರಟಿದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ.

(ಮಾಮಿ ಎಂದರೆ ನನ್ನ ಅತ್ತೆ. ಶಕ್ತಿನಗರದ ನಮ್ಮ ಮನೆಯಲ್ಲಿ ಅವರ ತೀರ್ಪಿಗೆ ಅಪೀಲಿಲ್ಲ.) ಹಿಂದೊಮ್ಮೆ ನೀರಿಗೆ ಬಿದ್ದ ಮೊಬೈಲೊಂದು ಅಕ್ಕಿಯೊಳಗೆ ಮಲಗಿ ಹುಷಾರಾಗಿತ್ತು. ಅಂದಿನಿಂದ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಅವರು ಹೇಳುವ ಕಾಯಿಲೆ ಒಂದೇ, ಥಂಡಿ. ಮಂಗಳೂರಲ್ಲವೇ? ಭರಣಿಯ ಉಪ್ಪು ನೀರೊಡೆಯುತ್ತದೆ, ಬಾಗಿಲು ಉಬ್ಬುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪ್ ಯಾವ ಲೆಕ್ಕ?

ಅದರ ತೊಂದರೆ ಹೀಗಿತ್ತು. ಚೆನ್ನಾಗಿಯೇ ನಡೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಸ್ತಬ್ಧ. ಮೌಸ್ ಅಲ್ಲಾಡಿಸಿದರೂ ಇಲ್ಲ, ಕೀ ಕುಟ್ಟಿದರೂ ಇಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಿದರೆ ಏನೂ ಆಗದವರ ಹಾಗೆ ಎದ್ದು ಬರುತ್ತದೆ.

ನನ್ನ ಅಂಕಣದ ಪ್ರಶ್ನೆ ಮಾತ್ರವಾಗಿದ್ದರೆ ಕಾಗದದಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೆ. (ನನ್ನ ಕೈಬರಹ ಓದುವ ಶಿಕ್ಷೆ ಸಂಪಾದಕರಿಗೆ ಆಗಾಗ ಆಗಬೇಕು.) ಆದರೆ ಆ ಶನಿವಾರ ಪಕ್ಕದ ಮನೆಯ ಲವೀನಾ ಅದರಲ್ಲಿ ಪರೀಕ್ಷೆ ಬರೆಯಬೇಕಿತ್ತು.

ಲವೀನಾ ನರ್ಸ್. ಮಸ್ಕತ್ತಿನಲ್ಲಿದ್ದವಳು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಬಂದಳು. ಅವರು ತೀರಿಕೊಂಡ ಮೇಲೆ ಮತ್ತೆ ಕೆಲಸಕ್ಕೆ ಅರ್ಜಿ ಹಾಕಿದರೆ, ನಡುವಿನ ಖಾಲಿ ವರ್ಷಗಳನ್ನು ನೋಡಿ ಆಸ್ಪತ್ರೆಗಳು ಉತ್ತರವನ್ನೇ ಕೊಡಲಿಲ್ಲ. ಒಂದು ಮಾತ್ರ, ಆನ್‌ಲೈನ್ ಪರೀಕ್ಷೆ ಬರೆದು ತೋರಿಸು ಎಂದಿತು. ಮನೆಯಲ್ಲೇ, ಕ್ಯಾಮೆರಾದ ಎದುರು, ಕೋಣೆಯಲ್ಲಿ ಒಬ್ಬಳೇ. ಮಧ್ಯದಲ್ಲಿ ಲ್ಯಾಪ್‌ಟಾಪ್ ನಿಂತರೆ ಅಲ್ಲಿಗೇ ಮುಗಿಯಿತು, ಇನ್ನೊಂದು ಅವಕಾಶವಿಲ್ಲ. ಅವಳಲ್ಲಿ ಲ್ಯಾಪ್‌ಟಾಪ್ ಇಲ್ಲ. ನನ್ನದನ್ನೇ ನೋಂದಾಯಿಸಿಯಾಗಿತ್ತು, ಬದಲಿಸುವಂತೆಯೂ ಇರಲಿಲ್ಲ.

ಸಲಹೆಗಳಿಗೇನು ಬರ? ರಿಪೇರಿ ಅಂಗಡಿಯವರು ನೋಡುವ ಮೊದಲೇ ಫಾರ್ಮ್ಯಾಟ್ ಹೊಡೆಯುವ ಎಂದರು. ಹೊಡೆದರೆ ನೋಂದಣಿಯೂ ಅಳಿಸಿ ಹೋಗುತ್ತದೆ ಎಂದೆ. ಹಾಗಾದರೆ ಮದರ್‌ಬೋರ್ಡ್ ಇರಬಹುದು ಎಂದರು. ನನ್ನ ಗಂಡ, ಹಳೆಯದಾಯಿತಲ್ಲ, ಬಿಸಾಡಿ ಹೊಸದು ತೆಗೆದುಕೋ ಎಂದು ಪೇಪರ್ ಮಡಚಿದರು. ಲವೀನಾ ಬಿಕರ್ನಕಟ್ಟೆಗೆ ಹೋಗಿ ಬಾಲ ಯೇಸುವಿಗೆ ಎರಡು ಮೇಣದ ಬತ್ತಿ ಹಚ್ಚಿ ಬಂದಳು. ಅವಳಿಗೊಂದು, ಲ್ಯಾಪ್‌ಟಾಪಿಗೊಂದು.

ಕಾಟಿಪಳ್ಳದಿಂದ ಅವಳ ಗಂಡನ ಅಣ್ಣ ಬಂದಿದ್ದರು. ವಿಷಯ ಕೇಳಿ ಸಮಾಧಾನವಾಗಿ ಹೇಳಿದರು, "ಇಷ್ಟು ವರ್ಷ ಬಿಟ್ಟಾಯ್ತಲ್ಲ ಲವೀನಾ. ಇನ್ನು ಎಂತಕ್ಕೆ ಇದೆಲ್ಲ? ಲ್ಯಾಪ್‌ಟಾಪೇ ಬೇಡ ಅಂತ ಹೇಳ್ತಾ ಉಂಟು."

ಅವಳು ತಲೆ ತಗ್ಗಿಸಿದಳು. ನನಗೆ ಮೈಯೆಲ್ಲ ಉರಿಯಿತು. ಅಲ್ಲೇ ತೀರ್ಮಾನಿಸಿದೆ, ಇದನ್ನು ಸರಿ ಮಾಡದೆ ಬಿಡುವವಳು ನಾನಲ್ಲ.

ಮೊದಲು ಗಮನಿಸಲು ಶುರುಮಾಡಿದೆ. ಯಾವಾಗ ನಿಲ್ಲುತ್ತದೆ? ವಿಡಿಯೊ ನೋಡುವಾಗ ಇಲ್ಲ. ಪಟಪಟ ಟೈಪ್ ಮಾಡುವಾಗಲೂ ಇಲ್ಲ. ಮುಂದಿನ ವಾಕ್ಯ ಹೊಳೆಯದೆ ಕೆನ್ನೆಗೆ ಕೈಕೊಟ್ಟು ಕೂತಾಗ ನಿಲ್ಲುತ್ತದೆ! ಅದೂ ಎಲ್ಲ ದಿನ ಅಲ್ಲ, ಮಧ್ಯಾಹ್ನದ ಮೇಲೆ ಗುಡುಗು ಬರುವ ದಿನ ಮಾತ್ರ.

ಗುಡುಗಿಗೂ ಇದಕ್ಕೂ ಎಂಥ ನಂಟು? ನಂಟು ನಮ್ಮ ಮಾಮಿ. ಘಟ್ಟದ ಕಡೆಯಿಂದ ಮೊದಲ ಗುಡುಗು ಕೇಳಿದ್ದೇ ತಡ, ಮನೆಯಿಡೀ ಸುತ್ತಿ ಟಿವಿ, ಫ್ರಿಜ್, ಮಿಕ್ಸಿ ಎಲ್ಲದರ ಪ್ಲಗ್ ಕೀಳುತ್ತಾರೆ. (ಸಿಡಿಲಿಗೆ ಹೆದರುವ ನಮ್ಮೂರಿನಲ್ಲಿ ಇದು ಸಂಜೆ ದೀಪ ಹಚ್ಚುವಷ್ಟೇ ನಿಯಮದ ಕೆಲಸ.) ನನ್ನ ಚಾರ್ಜರನ್ನೂ ಬಿಡುವುದಿಲ್ಲ. ಪ್ಲಗ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿಯುತ್ತದೆ. ನಾನೂ ಸುಮ್ಮನೆ ಕೂತರೆ, ಕೆಲಸವಿಲ್ಲವೆಂದು ಲೆಕ್ಕ ಹಾಕಿ ತನ್ನ ಒಂದೊಂದೇ ಭಾಗವನ್ನು ಮಲಗಿಸುತ್ತದೆ. ಮಲಗುವುದು ತಪ್ಪಲ್ಲ. ಆದರೆ ಏಳುತ್ತಿರಲಿಲ್ಲ.

ಭಾಗಗಳನ್ನು ಮಲಗಿಸುವ, ಎಬ್ಬಿಸುವ ಕೆಲಸಕ್ಕೆ ಪವರ್ ಮ್ಯಾನೇಜ್‌ಮೆಂಟ್ ಡ್ರೈವರ್ ಎಂಬ ಪುಟ್ಟ ಸಾಫ್ಟ್‌ವೇರ್ ಇರುತ್ತದೆಯಂತೆ. ನನ್ನಂತೆಯೇ ತಲೆ ಕೆಡಿಸಿಕೊಂಡವರು ಇಂಟರ್‌ನೆಟ್ಟಿನಲ್ಲಿ ಬರೆದದ್ದನ್ನು ಓದಿ ಹುಡುಕಿದೆ. ಸಿಕ್ಕಿತು. ಇತ್ತೀಚಿನ ಅಪ್‌ಡೇಟ್ ನನ್ನನ್ನು ಒಂದು ಮಾತೂ ಕೇಳದೆ ಹಳೆಯ ಡ್ರೈವರ್ ತೆಗೆದು ಹೊಸದನ್ನು ಕೂರಿಸಿತ್ತು.

ಪರೀಕ್ಷೆಯ ದಿನ ಪ್ಲಗ್ ಕೀಳಬೇಡಿ ಎಂದರೆ ಸಾಲದೇ? ಮಾಮಿ ಒಪ್ಪಿಯಾರು. ಆದರೆ ಗುಡುಗಿದರೆ ಕರೆಂಟ್ ಹೋಗದೆ ಇರುತ್ತದೆಯೇ? ಹೊಸ ಡ್ರೈವರನ್ನು ಕಿತ್ತು ಹಳೆಯದನ್ನೇ ಕೂರಿಸಿದೆ. ಗೆದ್ದೆ ಎಂದುಕೊಂಡೆ. ಮರುದಿನ ಮತ್ತೆ ಸ್ತಬ್ಧ. ನೋಡಿದರೆ ಅಪ್‌ಡೇಟ್ ಬಂದು ಹೊಸದನ್ನೇ ಪುನಃ ತಂದು ಕೂರಿಸಿದೆ! ಅಳು ಬಂತು. ಅಳುತ್ತಲೇ ಮತ್ತೆ ಕಿತ್ತೆ, ಹಳೆಯದನ್ನು ಹಾಕಿದೆ, ಈ ಸಲ ಅಪ್‌ಡೇಟಿನ ಬಾಗಿಲಿಗೂ ಬೀಗ ಹಾಕಿದೆ.

ಇನ್ನು ಪರಿಶೀಲನೆ. ಪ್ಲಗ್ಗನ್ನು ನಾನೇ ಕಿತ್ತೆ. ನಾನೂ ಲವೀನಾಳೂ ಎದುರು ಕೂತು, ಏನನ್ನೂ ಮುಟ್ಟದೆ ಸ್ಕ್ರೀನನ್ನೇ ನೋಡಿದೆವು. ಮಾಮಿ ಬಂದು, ಇದೆಂತದು, ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ ಕೂತದ್ದು ಎಂದು ಕೇಳಿ ಹೋದರು. ಬಹಳ ಹೊತ್ತಿನ ಮೇಲೆ ಲವೀನಾ ಬೆರಳು ಮುಂದೆ ಮಾಡಿ ಒಂದು ಕೀ ಒತ್ತಿದಳು. ಅಕ್ಷರ ಮೂಡಿತು. ಮತ್ತೆ ಕಾದೆವು, ಮತ್ತೆ ಒತ್ತಿದೆವು. ಮತ್ತೆ ಮೂಡಿತು.

ಶನಿವಾರ ಮಧ್ಯಾಹ್ನ ಅವಳು ನನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಅರ್ಧ ಪರೀಕ್ಷೆಗೆ ಆಕಾಶ ಗುಡುಗಿತು, ಕರೆಂಟ್ ಹೋಯಿತು. ಮೋಡೆಮ್‌ಗಷ್ಟೇ ಸಾಲುವ ಪುಟ್ಟ ಇನ್ವರ್ಟರ್ ಇತ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಮತ್ತು ನನ್ನ ಹಟ, ಎರಡೇ. ಒಳಗಿನಿಂದ ಒಂದು ಸದ್ದೂ ಇಲ್ಲ. ಉದ್ದದ ಪ್ರಶ್ನೆ ಓದುತ್ತಿದ್ದಾಳೋ, ಸ್ತಬ್ಧವಾದ ಸ್ಕ್ರೀನ್ ನೋಡುತ್ತಾ ಕೂತಿದ್ದಾಳೋ? ಬಾಗಿಲು ತಟ್ಟುವಂತಿಲ್ಲ. ಜೀವ ಕೈಯಲ್ಲಿ ಹಿಡಿದು ಹೊರಗೆ ನಿಂತೆ.

ಬಾಗಿಲು ತೆರೆದಾಗ ಅವಳ ಮುಖ ಬೆವೆತಿತ್ತು. "ಪಾಸಾಗ್ತೇನೋ ಇಲ್ವೋ ಗೊತ್ತಿಲ್ಲ ಅಕ್ಕ," ಎಂದಳು. "ಆದ್ರೆ ಕೊನೇ ಪ್ರಶ್ನೆವರೆಗೂ ಬರ್ದೆ. ಉತ್ತರ ಮರ್ತು ಹೋಗಿರ್ಲಿಲ್ಲ."

ಸಂಜೆ ಗಂಡ ಬಂದರು, ಅಂಗಡಿಯವರು ಫೋನ್ ಮಾಡಿದರು, ಕಾಟಿಪಳ್ಳದ ಭಾವನೂ ಮೆಸೇಜ್ ಹಾಕಿದರು. ಎಲ್ಲರದೂ ಒಂದೇ ಪ್ರಶ್ನೆ, ಲ್ಯಾಪ್‌ಟಾಪ್ ಕೈಕೊಡಲಿಲ್ಲ ತಾನೇ?

ಲವೀನಾ ಹೇಗೆ ಬರೆದಳು ಎಂದು ಒಬ್ಬರಾದರೂ ಕೇಳಬೇಡವೇ?