ಅಣ್ಣನ ಸೊಂಟ, ನನ್ನ ಅರ್ಧ ಇಂಚು

ಡಾಕ್ಟರು ನನ್ನ ಅಣ್ಣನ ಪ್ಯಾಂಟಿನ ಸೊಂಟಪಟ್ಟಿಯನ್ನು ಹಿಂದುಗಡೆ ಒಳಮೈ ಹೊರಗೆ ಮಾಡಿ, ಬೆಳಕಿಗೆ ಬಾಗಿ ನೋಡತೊಡಗಿದಾಗ ನನಗೆ ಅಲ್ಲಿಂದ ಓಡಿಹೋಗೋಣ ಅನ್ನಿಸಿತು. ಓಡಲಿಲ್ಲ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಟೇಪು ಹಾಕಿಕೊಂಡೇ ಓಡಿದರೆ ಜನ ಏನಂದುಕೊಂಡಾರು?

ನಾನು ಟೈಲರ್ ಎಂಬುದು ನಿಮಗೆ ಗೊತ್ತು. ಏಳನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಎರಡು ಸಲ ಫೇಲಾಗಿ ಮಿಷನ್ ತುಳಿಯಲು ಕೂತವನು. (ನನ್ನ ಕಾಗುಣಿತ ತಿದ್ದುವವರು ಈ ಪತ್ರಿಕೆಯ ಸಂಪಾದಕರು. ಅವರ ಷರಟು ತಿದ್ದುವವನು ನಾನು.) ಅಣ್ಣ ಹಾಗಲ್ಲ. ಗಡಿಯಾರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದಾನೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಚಕ್ರವನ್ನು ಪಕ್ಕಕ್ಕೆ ಎಸೆಯುವುದು ಅವನ ಉದ್ಯೋಗ. ಮನೆಯಲ್ಲೂ ಅವನು ಹಾಗೆಯೇ. ನಮ್ಮ ಮನೆಯಲ್ಲಿ ಎಣಿಸುವ ಕೆಲಸ ಯಾವುದಿದ್ದರೂ ಅದು ಅಣ್ಣನದು. ಹಪ್ಪಳ ಎಷ್ಟು ಒಣಗಿವೆ ಅಂತ ಎಣಿಸುವುದಕ್ಕೂ ನನ್ನನ್ನು ಯಾರೂ ಕರೆದವರಲ್ಲ.

ಇಂಥ ಅಣ್ಣನಿಗೆ ಹರ್ನಿಯಾ ಆಯಿತು. ಕೆಮ್ಮಿದರೆ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬುತ್ತಿತ್ತು. ಜಯನಗರದ ಡಾಕ್ಟರು ನೋಡಿ, ಆಪರೇಷನ್ ಆಗಲೇಬೇಕು ಅಂದರು. ಆದರೆ ಈ ಹೊಟ್ಟೆ ಇಟ್ಟುಕೊಂಡು ಮಾಡಲಾಗದು. ಹಾಕಿದ ಹೊಲಿಗೆ ನಿಲ್ಲುವುದಿಲ್ಲ. ಮೂರು ತಿಂಗಳಲ್ಲಿ ಎಂಟು ಕೆಜಿ ಇಳಿಸಿಕೊಂಡು ಬನ್ನಿ. ಅಷ್ಟರೊಳಗೆ ಕರುಳು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ. ಹೀಗೆಂದು ಒಂದು ಸೈಕ್ಲೋಸ್ಟೈಲ್ ಹಾಳೆ ಕೊಟ್ಟರು. ಅನ್ನ ಒಂದು ಕಪ್ಪಿಗೆ ಇಷ್ಟು ಕ್ಯಾಲೊರಿ, ಹುಳಿ ಒಂದು ಕಪ್ಪಿಗೆ ಇಷ್ಟು, ಪೂರಿ ಒಂದಕ್ಕೆ ಇಷ್ಟು. ದಿನಕ್ಕೆ ಇಷ್ಟು ದಾಟಬಾರದು.

ಅಂಕಿ ತುಂಬಿದ ಹಾಳೆ ಕಂಡು ಅಣ್ಣನಿಗೆ ಖುಷಿಯೇ ಆಯಿತು. ಸೋಮವಾರದಿಂದ ಶನಿವಾರದವರೆಗೆ ಅವನು ಋಷಿ. ಕೋಸಂಬರಿಯ ಹೆಸರುಬೇಳೆಯನ್ನೂ ಎಣಿಸಿ ತಿನ್ನುತ್ತಿದ್ದ. ಭಾನುವಾರ ಮಾತ್ರ ನಾವಿಬ್ಬರೂ ಜಯನಗರ ಕಾಂಪ್ಲೆಕ್ಸ್ ಹತ್ತಿರದ ಊಟದ ಹೋಟೆಲಿಗೆ ಹೋಗುವ ಹಳೇ ರೂಢಿ. ಬಾಗಿಲಲ್ಲೇ ಬೋರ್ಡು: ಫುಲ್ ಮೀಲ್ಸ್, ಮಿತಿ ಇಲ್ಲ.

"ಅಲ್ಲಿಗೆ ಹೋಗೋದು ಬೇಡ್ವೇನೋ ಅಣ್ಣ," ಅಂದೆ.

"ಯಾಕೆ ಬೇಡ? ಮಿತಿ ಇಲ್ಲ ಅಂದಿರೋದು ಅವರು. ಮಿತಿ ನನ್ನ ಹತ್ರ ಇದೆ," ಅಂತ ಎದೆಯ ಜೇಬಿನಲ್ಲಿದ್ದ ಹಾಳೆ ತಟ್ಟಿದ. ಆಮೇಲೆ ನನ್ನ ಜನ್ಮದಲ್ಲಿ ಮೊದಲ ಸಲ ಒಂದು ಮಾತು ಹೇಳಿದ. "ನಾನು ಉಣ್ತಾ ಉಣ್ತಾ ಎಣ್ಸಕ್ಕಾಗಲ್ಲ ಕಣೋ. ನೀನು ಲೆಕ್ಕ ಇಡು."

ನಾನು ಲೆಕ್ಕ ಇಡುವುದೇ? ಆ ಕ್ಷಣಕ್ಕೆ ಅವನು ಕೇಳಿದ್ದರೆ ಕೈಗಡಿಯಾರವನ್ನೇ ಬಿಚ್ಚಿಕೊಟ್ಟುಬಿಡುತ್ತಿದ್ದೆ.

ಅಣ್ಣ ಮನೆಯಿಂದ ಒಂದು ಟೀ ಕಪ್ಪು ತಂದಿದ್ದ. ಎಲೆಯ ಪಕ್ಕ ಇಟ್ಟ. ಬಡಿಸುವವರು ಬಂದು ಅದನ್ನು ನೋಡಿದರು.

"ಕಾಫಿ ಊಟ ಆದ್ಮೇಲೆ ಸಾರ್."

"ಕಾಫಿಗಲ್ಲಪ್ಪ, ಅನ್ನಕ್ಕೆ. ಇದರಲ್ಲಿ ಒಂದು ಕಪ್ ಹಾಕು."

ಅವರು ಅಣ್ಣನ ಮುಖ ನೋಡಿದರು, ಕಪ್ಪು ನೋಡಿದರು, ಅನ್ನ ಒತ್ತಿ ಒತ್ತಿ ತುಂಬಿದರು. ಅಣ್ಣ ಅದನ್ನು ಎಲೆಗೆ ಬೋರಲು ಹಾಕಿ ತಟ್ಟಿದ. ಅಚ್ಚುಕಟ್ಟಾದ ಗೋಪುರ ಎದ್ದು ನಿಂತಿತು. ಆ ಹೋಟೆಲಿನಲ್ಲಿ ಭಾನುವಾರ ಪ್ರತಿ ಕುರ್ಚಿಯ ಹಿಂದೆಯೂ ಒಬ್ಬರು ಟೋಕನ್ ಹಿಡಿದು, ನೀವು ಎಲೆ ಮಡಚುವುದನ್ನೇ ಕಾಯುತ್ತ ನಿಂತಿರುತ್ತಾರಷ್ಟೆ. ನಮ್ಮ ಹಿಂದೆ ನಿಂತಿದ್ದವರು ಸಿದ್ದಾಪುರದ ಕಡೆಯವರಂತೆ, ಮಾತುಗಾರರು.

"ನಮ್ಮ ಹುಡ್ಗ ಮರಳಲ್ಲಿ ಹಿಂಗೇ ಆಡ್ತಾನೆ," ಅಂದರು.

ನಾನು ಜೇಬಿನಿಂದ ಟೈಲರ್ ಚಾಕ್, ಅಂದರೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಮೇಜಿನ ಕಲ್ಲಿನ ಮೇಲೆ ಒಂದು ಗೆರೆ ಎಳೆದೆ. ಅನ್ನ ಒಂದು. ಹುಳಿಯದು ಜಗಳವಾಯಿತು. ಸೌಟಿಗೆ ಎಷ್ಟು ಕಪ್ಪು? ಮುಕ್ಕಾಲು ಅಂತ ನಾನು, ಅರ್ಧ ಅಂತ ಅಣ್ಣ, "ಸೌಟಿಗೆ ಒಂದು ಸೌಟು ಸಾರ್" ಅಂತ ಬಡಿಸುವವರು. ಅರ್ಧ ಗೆರೆ ಎಳೆದೆ. ಪೂರಿ ಎರಡು. ಪಲ್ಯ. ಅನ್ನ ಇನ್ನೊಂದು ಗೋಪುರ. ಗೆರೆಗಳು ಬೆಳೆದವು. ಅಷ್ಟರಲ್ಲಿ ಮೇಜು ಒರೆಸುವವರು ಬಂದು, "ಯಾರೋ ಗೀಚವ್ರೆ" ಅಂತ ಗೊಣಗುತ್ತ ಒದ್ದೆ ಬಟ್ಟೆಯಲ್ಲಿ ಒಂದೇ ಎಳೆತಕ್ಕೆ ಎಲ್ಲವನ್ನೂ ಒರೆಸಿ ಹೊರಟುಹೋದರು.

ಅಣ್ಣ ಕೈ ನಿಲ್ಲಿಸಿದ. "ಎಷ್ಟಾಗಿತ್ತೋ?"

"ಏಳಿರಬೇಕು. ಎಂಟೂ ಇರಬಹುದು."

"ಇರಬಹುದು ಅನ್ನೋ ರೀಡಿಂಗ್ ನಮ್ಮ ಫ್ಯಾಕ್ಟರಿಯಲ್ಲಿ ನಡೆಯಲ್ಲ. ಅದು ರಿಜೆಕ್ಟ್. ಸೊನ್ನೆಯಿಂದ ಶುರು ಮಾಡು."

ಅವನು ಗಂಭೀರವಾಗಿಯೇ ಹೇಳಿದ. ಅಷ್ಟೇ ಗಂಭೀರವಾಗಿ ನಾನು ಹೊಸ ಗೆರೆ ಎಳೆದೆ. ಅಣ್ಣ ಹೊಸದಾಗಿ ಪೂರಿಯಿಂದ ಹೊರಟ.

"ಅಯ್ಯೋ, ಎರಡನೇ ಟ್ರಿಪ್ ಹೊಡೀತಾವ್ರೆ ಕಣ್ರಪ್ಪ," ಅಂದರು ಹಿಂದಿನವರು. ಪಾಪ, ಕಾಲು ಬದಲಿಸಿ ನಿಂತರು. ಪಾಯಸ ಬಂದಾಗ ಮಾತ್ರ ಅವರೇ ನೆನಪಿಸಿದರು. "ಗೆರೆ ಎಳೀರಿ ಸಾರ್, ಮರೆತ್ರಿ."

ಕೊನೆಗೆ ಲೆಕ್ಕ ಮಾಡಿದರೆ, ಹಾಳೆಯಲ್ಲಿದ್ದ ಮಿತಿಗಿಂತ ಅಣ್ಣ ಸ್ವಲ್ಪ ಕಡಿಮೆಯೇ ಉಂಡಿದ್ದ.

ತೂಕ ಇಳಿಯಿತೋ ಇಲ್ಲವೋ ನೋಡುವುದು ಹೇಗೆ? ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ತಿರುಗುವ ತೂಕದ ಮಿಷನ್ ಇದೆಯಲ್ಲ, ಅದರ ಮೇಲೆ ಅಣ್ಣ ಎರಡು ಸಲ ಹತ್ತಿದ. ಎರಡು ಚೀಟಿ ಬಂದವು. ಎರಡಕ್ಕೂ ಮೂರು ಕೆಜಿ ವ್ಯತ್ಯಾಸ. ಹಿಂಬದಿಯಲ್ಲಿ ಒಂದರಲ್ಲಿ ಕಂಕಣಭಾಗ್ಯ, ಇನ್ನೊಂದರಲ್ಲಿ ಶತ್ರುನಾಶ. ಅಣ್ಣ ಆ ಮಿಷನ್ನನ್ನೂ ರಿಜೆಕ್ಟ್ ಮಾಡಿದ. "ಪ್ಯಾಂಟೇ ಗೇಜು. ಪ್ಯಾಂಟ್ ಸುಳ್ಳು ಹೇಳಲ್ಲ," ಅಂದ.

ಹೇಳುವುದಿಲ್ಲವೇ? ಟೈಲರ್ ಕೇಳಿದರೆ ಹೇಳುತ್ತದೆ.

ಆ ಭಾನುವಾರ ಆದ ಮರುದಿನ ಬೆಳಿಗ್ಗೆ, ಫ್ಯಾಕ್ಟರಿ ಬಸ್ಸಿಗೆ ಮುಂಚೆ, ಅಣ್ಣ ಪಂಚೆಯಲ್ಲೇ ನನ್ನ ಅಂಗಡಿಗೆ ಬಂದ. ಕೈಯಲ್ಲಿ ಪ್ಯಾಂಟು. ಹುಕ್ಕು ಸೇರುತ್ತಿಲ್ಲ. ಬೆಂಚಿನ ಮೇಲೆ ಕೂತು ನೆಲ ನೋಡುತ್ತ ಹೇಳಿದ. "ವಾರ ಪೂರ್ತಿ ಹಸ್ಕೊಂಡಿದ್ದೆ ಕಣೋ. ಏನು ಬಂತು? ನನ್ನ ಕೈಲಾಗಲ್ಲ. ಬಿಟ್ಬಿಡ್ತೀನಿ. ಆಪರೇಷನ್ನೂ ಬೇಡ, ಏನೂ ಬೇಡ."

ಅವನ ದನಿ ಒಡೆದಿತ್ತು. ಅಣ್ಣನ ದನಿ ಒಡೆದಿದ್ದನ್ನು ನಾನು ಕೇಳಿದ್ದು ಅಪ್ಪ ತೀರಿಕೊಂಡಾಗ ಮಾತ್ರ. "ಒಗೆದು ಬಟ್ಟೆ ಕುಗ್ಗಿರುತ್ತೆ, ತಾಳು, ಇಸ್ತ್ರಿ ಎಳೆದು ಕೊಡ್ತೀನಿ," ಅಂದು ಒಳಗೆ ತೆಗೆದುಕೊಂಡು ಹೋದೆ. ಪ್ಯಾಂಟಿನ ಹಿಂದುಗಡೆ, ನಡುವಿನ ಹೊಲಿಗೆಯ ಒಳಗೆ, ಮುಂದೆ ಬೇಕಾದೀತು ಅಂತ ನಾವು ಒಂದಿಷ್ಟು ಬಟ್ಟೆ ಉಳಿಸಿರುತ್ತೇವೆ. ಹೊಲಿಗೆ ಬಿಚ್ಚಿದೆ. ಅರ್ಧ ಇಂಚು ಬಿಟ್ಟೆ. ಹೊಲಿದು ಇಸ್ತ್ರಿ ಮಾಡಿ ಕೊಟ್ಟೆ.

ಹುಕ್ಕು ಸೇರಿತು. ಅಣ್ಣನ ಮುಖ ನೋಡಬೇಕಿತ್ತು ನೀವು. ನನ್ನ ಬೆನ್ನು ತಟ್ಟಿ, "ನಿನ್ನ ಲೆಕ್ಕ ಸರಿ ಇತ್ತು ಕಣೋ," ಅಂದ.

ಆ ಒಂದು ಮಾತು ನನ್ನನ್ನು ಕೆಡಿಸಿತು.

ಅಣ್ಣನ ಎರಡು ಪ್ಯಾಂಟೂ ಶನಿವಾರ ಇಸ್ತ್ರಿಗೆ ನನ್ನ ಅಂಗಡಿಗೇ ಬರುವುದು. ನಾನು ಅರ್ಧರ್ಧ ಇಂಚು ಬಿಡುತ್ತ ಹೋದೆ. ಅಣ್ಣ ಸೋಮವಾರ ಹಾಕಿಕೊಂಡು ಹಿಗ್ಗುತ್ತಿದ್ದ. ಹಿಗ್ಗಿದ್ದಕ್ಕೆ ಮುಂದಿನ ಭಾನುವಾರ ಒಂದು ಗೋಪುರ ಜಾಸ್ತಿ. ಆ ಗೋಪುರಕ್ಕೆ ನನ್ನದು ಇನ್ನೂ ಅರ್ಧ ಇಂಚು. ಒಳಗಿನ ಬಟ್ಟೆ ಮುಗಿಯಿತು. ಆಗಲಾದರೂ ನಿಲ್ಲಿಸಬೇಕಿತ್ತಲ್ಲ? ಅದೇ ಬಣ್ಣದ ತುಂಡು ಹುಡುಕಿ, ಮೂರು ಮೂಲೆಯಾಗಿ ಕತ್ತರಿಸಿ ಹಿಂದೆ ಸೇರಿಸಿದೆ. ಅಂಥ ನಾಜೂಕು ಕೆಲಸ ನಾನು ಮದುವೆ ಸೂಟಿಗೂ ಮಾಡಿದವನಲ್ಲ.

ಅತ್ತಿಗೆಗೆ ಅನುಮಾನ ಬಂದಿತ್ತು. "ನೋಡಕ್ಕೆ ಸಣ್ಣಗಾದಂಗೆ ಕಾಣಲ್ಲ, ಪ್ಯಾಂಟ್ ಮಾತ್ರ ಜಾರ್ತದೆ," ಅಂದರು. "ಷರಟು ಬೇರೆ ಗುಂಡಿ ಕಿತ್ಕೊಳೋ ಹಂಗಿದೆ."

"ಅದು ಎದೆ ಕಣೇ," ಅಂದ ಅಣ್ಣ. "ಬೆಳಿಗ್ಗೆ ವಾಕಿಂಗ್ ಹೋಗ್ತೀನಲ್ಲ, ಎದೆ ಬೆಳೀತಿದೆ."

ಇಷ್ಟು ನಗುವ ವಿಷಯ. ಈಗ ನಗು ಬಾರದ ವಿಷಯ ಹೇಳುತ್ತೇನೆ. ಅಣ್ಣ ಕೆಮ್ಮುವಾಗ ತೊಡೆಸಂದಿಗೆ ಕೈ ಒತ್ತಿ ಹಿಡಿಯುವುದನ್ನು ನಾನು ದಿನಾ ನೋಡುತ್ತಿದ್ದೆ. ಉಬ್ಬು ನಿಂಬೆಹಣ್ಣು ದಾಟಿ ಮೂಸಂಬಿಯಾಗಿತ್ತು. ಡಾಕ್ಟರು ಹೇಳಿದ್ದೆಲ್ಲ ನನಗೂ ಕೇಳಿಸಿತ್ತು. ಅವನ ಧೈರ್ಯಕ್ಕೆ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಮೊದಲನೇ ಅರ್ಧ ಇಂಚು ನಿಜಕ್ಕೂ ಅವನಿಗಾಗಿಯೇ. ಎರಡನೆಯದರಿಂದ ಆಚೆಯದೆಲ್ಲ, ಸೋಮವಾರ ಬೆಳಿಗ್ಗೆ ಅವನು ತಟ್ಟುವ ನನ್ನ ಬೆನ್ನಿಗಾಗಿ.

ಮೂರು ತಿಂಗಳಾಯಿತು. ಅಂಗಡಿಯಿಂದ ನೇರ ಡಾಕ್ಟರ ಹತ್ತಿರ ಹೋದೆವು. ಅಣ್ಣ ತಕ್ಕಡಿ ಹತ್ತಿದ. ಡಾಕ್ಟರು ಮುಳ್ಳು ನೋಡಿ, ಇಳಿಯಲು ಹೇಳಿ, ಮತ್ತೆ ಹತ್ತಿಸಿದರು.

"ಏನ್ರೀ ಇದು? ಎಂಟು ಇಳಿಸ್ಕೊಂಡು ಬನ್ನಿ ಅಂದ್ರೆ ಮೂರು ಏರಿಸ್ಕೊಂಡು ಬಂದಿದೀರಿ."

"ನಿಮ್ಮ ಮಿಷನ್ ಕೆಟ್ಟಿದೆ ಸಾರ್," ಅಂದ ಅಣ್ಣ, ತಣ್ಣಗೆ. "ನಾನು ಇನ್‌ಸ್ಪೆಕ್ಷನ್‌ನಲ್ಲಿರೋನು. ಪ್ಯಾಂಟ್ ನೋಡಿ ಬೇಕಾದ್ರೆ." ಸೊಂಟಪಟ್ಟಿ ಮುಂದಕ್ಕೆ ಎಳೆದು ತೋರಿಸಿದ. ಒಂದು ಮುಷ್ಟಿ ಹಿಡಿಯುವಷ್ಟು ಜಾಗವಿತ್ತು.

ಡಾಕ್ಟರು ಪ್ಯಾಂಟು ನೋಡಿದರು. ಆಮೇಲೆ ನನ್ನ ಕೊರಳಿನ ಟೇಪು ನೋಡಿದರು. ಅಣ್ಣನನ್ನು ಅತ್ತ ತಿರುಗಿಸಿ ನಿಲ್ಲಿಸಿ, ಆಗಲೇ ಹೇಳಿದೆನಲ್ಲ, ಸೊಂಟಪಟ್ಟಿಯ ಒಳಮೈ ಹೊರಗೆ ಮಾಡಿದರು. ನನ್ನ ತೇಪೆ ಕಂಡಿತು. ಅದರ ಮೇಲೆ ಬೆರಳಾಡಿಸಿದರು.

"ಈ ಹೊಲಿಗೆ ಹೊಸದು," ಅಂದರು. "ಚೆನ್ನಾಗಿ ಹಾಕಿದೀರಿ."

ನಾನು ಕೊರಳಿನ ಟೇಪು ತೆಗೆದು ಜೇಬಿಗೆ ತುರುಕಿದೆ.

"ನಾನೂ ಹೊಲಿಯೋನೇ ಅಲ್ವೇನ್ರೀ? ಕಾಣಲ್ವಾ ನಂಗೆ?"

ಅಣ್ಣ ನನ್ನ ಕಡೆ ತಿರುಗಿದ. ನಾನು ಎಲ್ಲ ಹೇಳಿದೆ. ಅಲ್ಲೇ, ಕಾಂಪೌಂಡರ್ ಎದುರಿಗೇ. ಅಣ್ಣ ಬೈಯಲಿಲ್ಲ, ಹೊಡೆಯಲಿಲ್ಲ. ಇನ್ನೆರಡು ತಿಂಗಳು ನೋಡೋಣ, ಈ ಮಧ್ಯೆ ನೋವು ಜಾಸ್ತಿಯಾದರೆ ಹೊತ್ತುಗೊತ್ತು ನೋಡದೆ ಆಸ್ಪತ್ರೆಗೆ ಹೋಗಿ ಅಂದರು ಡಾಕ್ಟರು. ಹೊರಟೆವು. ಬನಶಂಕರಿಯ ಮನೆವರೆಗೂ ಅಣ್ಣ ನಡೆದೇ ಬಂದ, ನನಗಿಂತ ಹತ್ತು ಹೆಜ್ಜೆ ಮುಂದೆ. ಹೋಟೆಲಿನ ಮುಂದೆ ಬೀಡಿ ಸೇದುತ್ತಿದ್ದ ಬಡಿಸುವವರು, "ಏನ್ ಸಾರ್, ಕಪ್ ತಂದಿಲ್ವಾ ಇವತ್ತು?" ಅಂತ ಕೂಗಿದರು. ಅಣ್ಣ ತಿರುಗಿಯೂ ನೋಡಲಿಲ್ಲ.

ಮನೆ ಹತ್ತಿರ ಬಂದಾಗ ಒಂದೇ ಮಾತು ಕೇಳಿದ. "ನಾನು ಸತ್ತಿದ್ರೆ ಪ್ಯಾಂಟ್ ಎಷ್ಟು ಲೂಸ್ ಮಾಡ್ತಿದ್ದೆಯೋ?"

ಆ ರಾತ್ರಿ ನಾನು ಉಣ್ಣಲಿಲ್ಲ. ಇನ್ನೇನು ಮಾಡಲಿ?

ಮಾರನೆಯ ದಿನ ಎರಡೂ ಪ್ಯಾಂಟು ತಂದು ಮಿಷನ್ ಮೇಲೆ ಇಟ್ಟ. ತೇಪೆ ತೆಗೆ, ಮೊದಲಿನ ಅಳತೆಗೆ ತಾ, ಒಳಗೆ ಉಳಿದ ಬಟ್ಟೆಯೆಲ್ಲ ಕತ್ತರಿಸಿ ಹಾಕು ಅಂದ. ಟೈಲರ್ ಯಾರೂ ಹಾಗೆ ಕತ್ತರಿಸುವುದಿಲ್ಲ. ನಾನು ಕತ್ತರಿಸಿದೆ. ಅಣ್ಣ ಎರಡು ತಿಂಗಳು ಹುಕ್ಕು ಹಾಕದೆ, ಷರಟು ಹೊರಗೆ ಬಿಟ್ಟುಕೊಂಡು ಫ್ಯಾಕ್ಟರಿಗೆ ಹೋದ. ಷರಟು ಇನ್‌ಷರ್ಟ್ ಮಾಡದೆ ಬಾಗಿಲು ದಾಟದ ಮನುಷ್ಯ ಅವನು. ಭಾನುವಾರ ಮನೆಯಲ್ಲೇ ಊಟ. ಬಡಿಸುವುದೂ ಎಣಿಸುವುದೂ ಅತ್ತಿಗೆ. ಮೂರನೇ ಭಾನುವಾರದಿಂದ ನನ್ನನ್ನೂ ಕರೆದರು. ನನಗೂ ಒಂದೇ ಕಪ್ಪು.

ಈಗ ನನ್ನ ಅಂಗಡಿಗೆ ಬರುವವರನ್ನು ಬೇರೆ ಕಣ್ಣಿನಿಂದ ನೋಡುತ್ತೇನೆ. "ಮೂವತ್ತಾರು ಅಂತ ಬರೀಬೇಡ ಗುರು, ಮೂವತ್ನಾಲ್ಕು ಅಂತ ಬರ್ಕೋ, ಹೊಲಿಯೋವಾಗ ಮೂವತ್ತಾರು ಹೊಲಿ" ಅನ್ನುವವರು ದಿನಕ್ಕೆ ಇಬ್ಬರಾದರೂ ಇದ್ದಾರೆ. ನಾನು ಬರೆದುಕೊಡುತ್ತೇನೆ. ಅವರಿಗೆ ಖುಷಿ, ನನಗೆ ಗಿರಾಕಿ. ನಮ್ಮ ಹತ್ತಿರದವರಿಗೆ ನಾವು ಆಡುವ ಸಿಹಿ ಮಾತೆಲ್ಲ ಇಂಥ ಅರ್ಧ ಇಂಚೇ ಇರಬಹುದೇ? ಇರಲಿಕ್ಕಿಲ್ಲ. ಆದರೆ ಸಿಹಿ ಮಾತು ಆಡುವ ಮೊದಲು ಅದು ಯಾರ ಬೆನ್ನಿಗೆ ಅಂತ ಒಂದು ಸಲ ಕೇಳಿಕೊಳ್ಳುತ್ತೇನೆ.

ಎರಡು ತಿಂಗಳು ಕಳೆದು, ಮೇಲೆ ಹದಿನೈದು ದಿನವಾಗುವ ಹೊತ್ತಿಗೆ ಡಾಕ್ಟರ ತಕ್ಕಡಿ ಒಪ್ಪಿತು. ಹೋದ ಗುರುವಾರ ಆಪರೇಷನ್. ಎಲ್ಲ ಸರಿಹೋಯಿತು, ಅಣ್ಣ ಈಗ ಗಂಜಿ ಕುಡಿಯುತ್ತಿದ್ದಾನೆ. ಅವತ್ತು ಬೆಳಿಗ್ಗೆ ಅವನನ್ನು ಗಾಲಿಮಂಚದ ಮೇಲೆ ಮಲಗಿಸಿ ಒಳಗೆ ತಳ್ಳುತ್ತಿದ್ದಾಗ ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಪ್ಯಾಂಟಿನ ಆ ಅಪ್ಪಣೆ ಬಿಟ್ಟರೆ ಎರಡೂವರೆ ತಿಂಗಳಲ್ಲಿ ಅಣ್ಣ ನನ್ನನ್ನು ನೇರವಾಗಿ ಮಾತಾಡಿಸಿರಲಿಲ್ಲ. ಅವತ್ತೂ ಮಾತಾಡಿಸಲಿಲ್ಲ. ಬಾಗಿಲ ಹತ್ತಿರ ತಲೆ ಎತ್ತಿ, ನನ್ನ ಕಡೆ ಬೆರಳು ತೋರಿಸಿ, ಡಾಕ್ಟರಿಗೆ ಹೇಳಿದ:

"ಸಾರ್, ಹೊಲಿಗೆ ನೀವೇ ಹಾಕಿ, ಇವನ ಕೈಗೆ ಮಾತ್ರ ಕೊಡಬೇಡಿ."